ಠೇವಣಿ ಇಟ್ಟ ನಿದ್ದೆ

ಊರಿನವರೆಲ್ಲ ಹರೆಯದಲ್ಲಿ ಎಚ್ಚರವಾಗಿದ್ದು ನಿದ್ದೆಯನ್ನು ಬ್ಯಾಂಕಿನಲ್ಲಿಟ್ಟು, ಮುಪ್ಪಿನಲ್ಲಿ ಬಡ್ಡಿ ಸಮೇತ ಮಲಗುವ ಕಾಲವದು. ಯಾವ ಠೇವಣಿ ಲಾಭ, ಯಾವುದು ನಷ್ಟ ಎಂದು ಬ್ಲಾಗಿನಲ್ಲಿ ಬರೆದೇ ನೀಲಗಂಗಾ ಧಾರವಾಡದ ತುಂಬ ಹೆಸರು ಮಾಡಿದ್ದಳು. ಆ ಮಧ್ಯಾಹ್ನ, 'ಇದೇ ನನ್ನ ಕೊನೆಯ ಬರಹ, ಹೊಸ ಕೆಲಸಕ್ಕೆ ಕೈಹಾಕುತ್ತಿದ್ದೇನೆ' ಎಂದು ಪ್ರಕಟಿಸಿ ಏಳುವಷ್ಟರಲ್ಲಿ ಪಕ್ಕದ ಮನೆಯ ಫಕೀರಪ್ಪ ಮಾಸ್ತರರು ಧಾವಿಸಿ ಬಂದರು.

"ಏನವ್ವಾ ಇದು? ನಿನ್ನ ಮಾತು ಕೇಳಿ ನಿದ್ದಿ ಕೂಡಿಟ್ಟಾಂವ ನಾನು. ಏನದು ಅಂಥಾ ಹೊಸಾ ಕೆಲಸ?"

"ಮಲಗೂದ್ರಿ, ಮಾಸ್ತರ."

ಮಾಸ್ತರರು ನಕ್ಕರು. ಅವಳು ನಗಲಿಲ್ಲ.

"ಅವ್ವ ತೀರಿಹೋದ ಮ್ಯಾಲೆ ಒಮ್ಮೆನೂ ನನ್ನ ಕನಸಿನಾಗ ಬಂದಿಲ್ಲರಿ. ಹೆಂಗ ಬರಬೇಕು? ನಿದ್ದಿ ಎಲ್ಲಾ ಬ್ಯಾಂಕಿನಾಗ ಐತಿ."

"ಹಂಗಾರ ಇಟ್ಟಿದ್ದು ತಗಿ. ವರ್ಷಗಟ್ಟಲೆ ಮಲಗಬಹುದಲ್ಲ?"

"ಅದರಾಗ ಕನಸಿಲ್ಲರಿ. ಕನಸು ಬಿಟ್ಟುಕೊಟ್ಟರ ಬಡ್ಡಿ ಹೆಚ್ಚು ಅಂತ ನಿಮಗೆಲ್ಲಾ ಬರದು ಹೇಳಿದಾಕಿ ನಾನೇ ಅಲ್ಲೇನ್ರಿ?"

ಮಾಸ್ತರರ ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು. "ನಾನೂ ಬಿಟ್ಟುಕೊಟ್ಟೀನವ್ವಾ," ಎಂದು ಮೆಲ್ಲಗೆ ಹೇಳಿ, ಬಾಗಿಲೆಳೆದುಕೊಂಡು ಹೊರಟುಹೋದರು.

ಇಂದಿನ ನಿದ್ದೆಯನ್ನು ಬ್ಯಾಂಕಿಗೆ ಕೊಡದೆ ತನಗೇ ಉಳಿಸಿಕೊಂಡ ನೀಲಗಂಗಾ, ಅವ್ವ ಹೊಲಿದ ಕೌದಿ ಹಾಸಿ ಅಡ್ಡಾದಳು. ಇಷ್ಟು ವರ್ಷಗಳ ಮೇಲೆ ನಿದ್ದೆ ಬರುವುದೋ ಇಲ್ಲವೋ, ನಿದ್ದೆ ಬಂದರೂ ಅವ್ವ ಬರುವಳೋ ಇಲ್ಲವೋ. ಏನೋ ಹೊಳೆದು ಮತ್ತೆ ಎದ್ದಳು. ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಮಲಗಿದಳು. ಮುಚ್ಚಿದ್ದರೆ ಅವ್ವ ತಟ್ಟುವವಳಲ್ಲ. ಮಗಳು ಮಲಗಿದ್ದಾಳೆಂದು ಸುಮ್ಮನೆ ಹಿಂತಿರುಗಿಬಿಡುವವಳು.