ಎಂಬತ್ತಕ್ಕೆ ಎಂಬತ್ತು

ಮೇಷ್ಟ್ರು ಉತ್ತರಪತ್ರಿಕೆಯನ್ನು ಮೂರನೆಯ ಸಲ ತಿರುವಿ ನೋಡಿದರು. ಅರ್ಧ ಅಂಕ ಕಳೆಯಲೂ ಎಲ್ಲೂ ಸಂದು ಸಿಗಲಿಲ್ಲ. ಎಂಬತ್ತಕ್ಕೆ ಎಂಬತ್ತು.

"ಎಲ್ಲಾ ಹೊರಡಿ," ಎಂದರು. "ಡೌಟು, ನೀನು ನಿಲ್ಲು."

ಡೌಟು ಆ ಹುಡುಗಿಯ ಅಡ್ಡಹೆಸರು. ಇಟ್ಟವರು ಮೇಷ್ಟ್ರೇ. ಮನೆಯ ಹಜಾರದಲ್ಲಿ ನಾಲ್ಕು ಬೆಂಚು, ಒಂದು ಕರಿಹಲಗೆ ಹಾಕಿಕೊಂಡು ಹತ್ತನೇ ತರಗತಿಯವರಿಗೆ ರಸಾಯನಶಾಸ್ತ್ರ ಹೇಳಿಕೊಡಲು ಶುರುಮಾಡಿ ಹದಿನೇಳು ವರ್ಷಗಳಾಗಿದ್ದವು. ಇಷ್ಟು ಮಂಕು ಶಿಷ್ಯೆ ಅವರಿಗೆ ಸಿಕ್ಕಿರಲಿಲ್ಲ. ದಿನವೂ ಒಂದು ಚೀಟಿಯಲ್ಲಿ ಐದಾರು ಪ್ರಶ್ನೆ ಬರೆದು ತರುತ್ತಿದ್ದಳು. ಎಲ್ಲವೂ ಬುಡಕ್ಕೇ ಕೈಹಾಕುವಂಥವು. ಸಮೀಕರಣ ಸರಿದೂಗಿಸುವಾಗ ಸೂತ್ರದ ಮುಂದೆ ಸಂಖ್ಯೆ ಹಾಕಬಹುದು. ಸೂತ್ರದೊಳಗಿನ ಪುಟ್ಟ ಸಂಖ್ಯೆಯನ್ನು ಮಾತ್ರ ಯಾಕೆ ಮುಟ್ಟಬಾರದು?

"ಅದು ನಿಯಮ," ಎಂದಿದ್ದರು ಮೇಷ್ಟ್ರು.

"ನಿಯಮ ಅಂದ್ರೂ ತಲೆಗೆ ಹೋಗ್ದೇ ಇರೋರಿಗೆ ಹೇಗೆ ಹೇಳ್ತೀರಿ, ಸರ್?"

ಮೇಷ್ಟ್ರು ತಲೆ ಕೆರೆದುಕೊಂಡಿದ್ದರು. "ನೋಡಮ್ಮ, ಇಬ್ಬರಿಗೆ ನೀರು ಬೇಕು ಅಂದ್ರೆ ಎರಡು ಲೋಟ ತರ್ತೀಯ. ಲೋಟದೊಳಗಿರೋದನ್ನೇ ಬೇರೆ ಏನೋ ಮಾಡ್ಕೊಂಡು ತರಲ್ಲ ತಾನೆ? ಪುಟ್ಟ ಸಂಖ್ಯೆ ಬದಲಾಯ್ಸಿದ್ರೆ ಅದು ನೀರೇ ಅಲ್ಲ. ಕುಡಿದೋರಿಗೆ ನನ್ನ ತರಹ ತಲೆ ಕೆಟ್ಟುಬಿಡುತ್ತೆ."

ಬೆಂಚುಗಳೆಲ್ಲ ಒಟ್ಟಿಗೆ "ಓ" ಎಂದಿದ್ದವು. ಹದಿನೇಳು ವರ್ಷ ಹೊಳೆಯದ ಹೋಲಿಕೆ! ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಡೌಟು ಮಾತ್ರ ನಗದೆ, ಅವರು ಹೇಳಿದ್ದನ್ನು ಜೋಕಿನ ಸಮೇತ ಬರೆದುಕೊಂಡಿದ್ದಳು.

ಇಂಥವಳು ಮಾದರಿ ಪರೀಕ್ಷೆಯಲ್ಲಿ ಎಂಬತ್ತು ತೆಗೆಯುವುದೆಂದರೇನು?

ಮೇಷ್ಟ್ರ ಮಗಳೂ ಈ ವರ್ಷ ಅದೇ ತರಗತಿ. ಮೊದಲ ವಾರ ಎಲ್ಲರ ಜೊತೆ ಬೆಂಚಿನ ಮೇಲೆ ಕೂತವಳು ಆಮೇಲೆ ಒಳಕೋಣೆಯಲ್ಲೇ ಓದಿಕೊಳ್ಳುತ್ತೇನೆ ಎಂದಿದ್ದಳು. "ನಮ್ಮವಳಿಗೆ ಟ್ಯೂಷನ್ ಯಾಕೆ? ರಕ್ತದಲ್ಲೇ ಇದೆ," ಎಂದು ಮೇಷ್ಟ್ರು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದರು. ಶಾಲೆಯ ಮೊದಲ ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತೊಂಬತ್ತು ಬಂದಾಗ ತಪ್ಪು ಪ್ರಶ್ನೆಪತ್ರಿಕೆಯದ್ದಾಗಿತ್ತು. ಈಗ ಇದೇ ಮಾದರಿ ಪರೀಕ್ಷೆಯಲ್ಲಿ ಅರವತ್ತಾರು ಬಂದಿತ್ತು, ಕಾರಣ ರಕ್ತ. ಆ ರಕ್ತಕ್ಕೇ ಅರವತ್ತಾರು ಬಂದಿರುವಾಗ ಈ ಮಂಕಿಗೆ ಎಂಬತ್ತೆ?

ಉತ್ತರ ಅವರಿಗೆ ಫಕ್ಕನೆ ಹೊಳೆಯಿತು. ನೀರು. ದಿನವೂ ಪಾಠ ಮುಗಿದ ಮೇಲೆ ಈ ಹುಡುಗಿ ನೀರು ಕುಡಿಯಲು ಒಳಗೆ ಹೋಗುತ್ತಿದ್ದಳು. ಹೋದರೆ ಕಾಲು ಗಂಟೆ. ಒಂದು ಲೋಟ ನೀರಿಗೆ ಒಂಟೆಗೂ ಅಷ್ಟು ಹೊತ್ತು ಬೇಡ. ಪ್ರಶ್ನೆಪತ್ರಿಕೆ ಇದ್ದದ್ದು ಅಡುಗೆಮನೆಗೆ ಹೋಗುವ ದಾರಿಯ ಮೇಜಿನ ಮೇಲೆ.

ಆ ಸಂಜೆಯ ಕಥೆಯನ್ನು ಮೇಷ್ಟ್ರು ಈಗ ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನವೇ ಹೇಳುತ್ತಾರೆ. "ನನ್ನಂಥ ಪತ್ತೇದಾರ ಪೊಲೀಸ್ ಇಲಾಖೆ ಸೇರಲಿಲ್ಲ, ನೋಡಿ. ಕಳ್ಳರೆಲ್ಲ ನೆಮ್ಮದಿಯಾಗಿದ್ದಾರೆ," ಎಂದು ತಾವೇ ಮೊದಲು ನಗುತ್ತಾರೆ.

ಅಂದು ಮಾತ್ರ ನಗಲಿಲ್ಲ.

"ಪೇಪರ್ ಯಾವಾಗ ಕದ್ದೆ?"

"ನಾನು ಕದ್ದಿಲ್ಲ, ಸರ್."

"ಒಳಗೆ ಹೋಗಿ ಕಾಲು ಗಂಟೆ ಏನು ಮಾಡ್ತೀಯ ಹಾಗಾದ್ರೆ?"

"ಹೇಳೋಕಾಗಲ್ಲ, ಸರ್. ಮಾತು ಕೊಟ್ಟಿದೀನಿ."

"ನಾಳೆಯಿಂದ ಬರ್ಬೇಡ. ನಿಮ್ಮಪ್ಪನಿಗೂ, ನಿಮ್ಮ ಸ್ಕೂಲಿಗೂ ನಾನೇ ಹೇಳ್ತೀನಿ."

ಪಬ್ಲಿಕ್ ಪರೀಕ್ಷೆಗೆ ಇನ್ನು ಇಪ್ಪತ್ತೆರಡು ದಿನ. ಹುಡುಗಿಯ ಕಣ್ಣು ತುಂಬಿತು. ಆದರೂ ಚೀಲ ಎತ್ತಿಕೊಳ್ಳಲಿಲ್ಲ. "ಬೇರೆ ಪ್ರಶ್ನೆ ಕೊಡಿ, ಸರ್. ಈಗ್ಲೇ. ನಿಮ್ಮ ಮುಂದೇನೇ ಬರೀತೀನಿ."

ಮೇಷ್ಟ್ರು ಕರಿಹಲಗೆ ಒರೆಸಿ ಐದು ಪ್ರಶ್ನೆ ಬರೆದರು. ಐದನೆಯದು ಪಠ್ಯದಲ್ಲೇ ಇರಲಿಲ್ಲ. ಅದರ ಉತ್ತರ ಅವರಿಗೂ ಪೂರ್ತಿ ನೆನಪಿರಲಿಲ್ಲ, ಆದರೆ ಅದನ್ನು ಹೇಳುವ ಗಳಿಗೆ ಅದಾಗಿರಲಿಲ್ಲ.

ಹುಡುಗಿ ಸೀಮೆಸುಣ್ಣ ತೆಗೆದುಕೊಂಡಳು. ಎಲ್ಲೂ ಒರೆಸಲಿಲ್ಲ, ಎಲ್ಲೂ ತಡವರಿಸಲಿಲ್ಲ. ಒಂದೊಂದು ಹೆಜ್ಜೆಯ ಪಕ್ಕದಲ್ಲೂ ಅದು ಯಾಕೆ ಹಾಗೆ ಎಂದು, ಎದುರು ಯಾರೋ ಕೂತು ಕೇಳುತ್ತಿದ್ದಾರೆಂಬಂತೆ, ಬಿಡಿಸಿ ಬರೆದಳು. ಇಪ್ಪತ್ತು ನಿಮಿಷದಲ್ಲಿ ಐದೂ ಮುಗಿದವು. ಮೇಷ್ಟ್ರು ಕನ್ನಡಕ ಏರಿಸಿ ಐದನೆಯ ಉತ್ತರವನ್ನು ಮೇಲಿಂದ ಕೆಳಗೆ ಓದಿದರು. ಇನ್ನೊಮ್ಮೆ ಓದಿದರು. ಓದಿ ಕಲಿತರು ಎಂದರೂ ತಪ್ಪಿಲ್ಲ.

ಆಮೇಲೆ ಮಕ್ಕಳು ಕೂರುವ ಬೆಂಚಿನ ಮೇಲೆ ಕುಸಿದು ಕೂತರು.

"ನನ್ನದು ತಪ್ಪಾಯ್ತಮ್ಮ," ಎಂದರು. ಆ ಮಾತು ಹೊರಬರಲು ಹದಿನೇಳು ವರ್ಷಗಳ ತುಕ್ಕು ಕೆರೆಯಬೇಕಾಯಿತು. "ಆದ್ರೆ ಇಷ್ಟೆಲ್ಲ ಗೊತ್ತಿದ್ದೂ ದಿನಾ ಯಾಕೆ ಅಂಥ ಪ್ರಶ್ನೆ ಕೇಳ್ತಿದ್ದೆ? ಬೇರೆ ಟ್ಯೂಷನ್‌ನೋರು ನನ್ನ ಗುಟ್ಟು ತಿಳ್ಕೊಳ್ಳೋಕೆ ಕಳ್ಸಿದ್ರಾ?"

"ನಿಮ್ಮ ಗುಟ್ಟು ಯಾರಿಗ್ರೀ ಬೇಕು?" ಒಳಬಾಗಿಲಲ್ಲಿ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಹುಡುಗಿಯತ್ತ ತಿರುಗಿ ಮೆಲ್ಲಗೆ, "ಹೇಳ್ಬಿಡಮ್ಮ. ಮಾತು ಉಳಿಸ್ಕೊಂಡಿದ್ದು ಸಾಕು," ಎಂದರು.

ಹುಡುಗಿ ಸೀಮೆಸುಣ್ಣ ಕೆಳಗಿಟ್ಟಳು.

"ಅವು ನನ್ನ ಡೌಟ್‌ಗಳಲ್ಲ, ಸರ್, ನಿಮ್ಮ ಮಗಳವು. ನೀವು ಹೇಳಿದ್ದನ್ನ ದಿನಾ ಒಳಗೆ ಹೋಗಿ ಅವಳಿಗೆ ಹೇಳ್ಕೊಡ್ತಿದ್ದೆ. ಮೊದಲ್ನೇ ವಾರ ಅವಳೇ ಒಂದ್ಸಲ ಕೇಳಿದ್ಲು. ನೀವು ಎಲ್ಲರ ಮುಂದೆ ನಕ್ಬಿಟ್ರಿ."