ಎಳೆದುಕೊಂಡ ಕಾಲು

ಬೈಕು ಗುದ್ದಿ ಹಿಂಗಾಲುಗಳ ಸ್ವಾಧೀನ ತಪ್ಪಿದ್ದ ನಾಯಿಯನ್ನು ಕಮಲಾಕ್ಷಮ್ಮ ಹಳೇ ಸೀರೆಯಲ್ಲಿ ಸುತ್ತಿ ಪಶು ಆಸ್ಪತ್ರೆಗೆ ತಂದಿದ್ದರು. ವೈದ್ಯರು ಇಕ್ಕಳದಿಂದ ಹಿಂಗಾಲಿನ ಬೆರಳು ಹಿಂಡಿದರು. ಕಾಲು ಥಟ್ಟನೆ ಹಿಂದಕ್ಕೆ ಸರಿಯಿತು.

"ನೋಡಿ ಡಾಕ್ಟ್ರೇ, ಕಾಲಲ್ಲಿ ಜೀವ ಇದೆ!"

"ಅದರ ಮುಖ ನೋಡಿ ಅಮ್ಮ. ನೋವು ಗೊತ್ತಾಗಿದ್ರೆ ಕಿರುಚ್ತಿತ್ತು. ಬೆನ್ನುಹುರಿಯೊಳಗೇ ಒಂದು ನರ ರಾಸಾಯನಿಕ ಬಿಡುತ್ತೆ. ಅದು ತಾಗಿದ ಇನ್ನೊಂದು ನರ ಕಾಲನ್ನ ಎಳೆಯುತ್ತೆ. ಮೆದುಳಿಗೆ ಸುದ್ದೀನೇ ಹೋಗಿರಲ್ಲ."

"ಅಂದ್ರೆ, ಅದು ಗೊತ್ತಿದ್ದು ಎಳ್ಕೊಂಡಿದ್ದಲ್ವಾ?"

"ಅಲ್ಲಮ್ಮ. ಇದು ಇನ್ನು ನಡೆಯೋದು ಕಷ್ಟ."

ಆಕೆ ಕುಸಿದಾರೆಂದು ವೈದ್ಯರು ಕುರ್ಚಿ ಸರಿಸಿಕೊಟ್ಟರು. ಕಮಲಾಕ್ಷಮ್ಮ ಕೂರಲಿಲ್ಲ.

"ಇನ್ನೊಂದ್ಸಲ ಹಿಂಡಿ" ಎಂದರು.

ಕಾಲು ಮತ್ತೆ ಸರಿಯಿತು. ನಾಯಿ ಏನೂ ಆಗಿಲ್ಲವೆಂಬಂತೆ ಅವರ ಅಂಗೈ ನೆಕ್ಕುತ್ತಿತ್ತು. ಕಮಲಾಕ್ಷಮ್ಮ ಅದರ ತಲೆ ಸವರುತ್ತಾ ಬಿಕ್ಕಿದರು.

"ನನ್ನ ಮಗಳ ಮೆದುಳು ಸತ್ತುಹೋಗಿದೆ ಅಂದಿದ್ರು, ಡಾಕ್ಟ್ರೇ. ಅಂಗದಾನಕ್ಕೆ ನಾನೇ ಸಹಿ ಹಾಕ್ದೆ. ಒಳಗೆ ಕರ್ಕೊಂಡು ಹೋಗೋ ಮುಂಚೆ ಪಾದ ಮುಟ್ಟಿದೆ. ಅವಳೂ ಹೀಗೇ ಕಾಲು ಎಳ್ಕೊಂಡ್ಳು. ಬದುಕಿದ್ದೋಳನ್ನೇ ಕೊಟ್ಟುಬಿಟ್ಟೆ ಅಂತ ಆರು ವರ್ಷದಿಂದ ಬೇಯ್ತಿದೀನಿ."