ಹಿಂದಿನ ಸೀಟಿನ ಭಾರ

ಮೂಟೆ ತೂಗುವ ತಕ್ಕಡಿ ಹತ್ತುವ ಮೊದಲು ಶರಾವತಿ ಬೈಕ್ ಸವಾರಿಯ ಜಾಕೆಟ್ಟಿನ ಒಳಜೇಬನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಕಬ್ಬಿಣದ ನಟ್ಟುಗಳು ಅಲ್ಲೇ ಇದ್ದವು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರಿಂದ ಸದ್ದಿರಲಿಲ್ಲ.

“ಅಲ್ಲಾಡ್ಬೇಡ ಮಾರಾಯ್ತಿ,” ಎಂದ ಲಕ್ಷ್ಮೀಕಾಂತ. ಬಗ್ಗಿ ಮುಳ್ಳು ನೋಡಿದ. “ಐವತ್ತೆರಡು! ಹೋದ ವಾರದಷ್ಟೇ ಇದೆ.”

ಗಂಡನ ಮುಖ ಅರಳಿದ್ದನ್ನು ಕಂಡು ಅವಳು ಬೇರೆ ಕಡೆ ನೋಡಿದಳು.

ಕೋಟೆಯ ಬೀದಿಯಲ್ಲಿ ಲಕ್ಷ್ಮೀಕಾಂತನದು ತಕ್ಕಡಿ ರಿಪೇರಿ ಅಂಗಡಿ. ಅವನು ಕೈಯಾಡಿಸಿದ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂಬ ಹೆಸರಿತ್ತು. ಮುಳ್ಳನ್ನು ಚೂರು ಆಚೀಚೆ ಮಾಡಿಕೊಡಿ ಎಂದು ಬಂದ ವ್ಯಾಪಾರಿಗಳು ಬೈಸಿಕೊಂಡು ಹೋಗಿದ್ದರು. ಅಂಥವನಿಗೆ ಈಗ ಹೆಂಡತಿಯೇ ಮೋಸ ಮಾಡುತ್ತಿದ್ದಳು.

ಮದುವೆಯಾದಾಗಿನಿಂದ ಇಬ್ಬರಿಗೂ ಒಂದೇ ಆಸೆ. ಹಿಮಾಲಯದ ಸ್ಪಿತಿ ಕಣಿವೆಗೆ ಬೈಕಿನಲ್ಲಿ ಹೋಗಬೇಕು. ಅಂಗಡಿಯ ಮೇಜಿನ ಮೇಲೆ ಸದಾ ಆ ನಕ್ಷೆ ಹರಡಿರುತ್ತಿತ್ತು.

“ಲೋಸರ್ ಹಳ್ಳಿ ದಾಟಿದ ಮೇಲೆ ಡಾಂಬರು ಮರೆತುಬಿಡು,” ಎನ್ನುತ್ತಿದ್ದ ಅವನು. “ಬರೀ ಜಲ್ಲಿ. ಹಿಂದೆ ಕೂತವರ ತೂಕ ನೋಡಿ ಸ್ಪ್ರಿಂಗ್ ಬಿಗಿ ಮಾಡ್ಬೇಕು. ಇಲ್ಲಾಂದ್ರೆ ಇಬ್ರೂ ಹಳ್ಳಕ್ಕೆ.”

“ಅಲ್ಲಿ ಬಿದ್ರೆ ಎತ್ತೋರು ಯಾರ್ರೀ?”

“ಕುರಿ ಕಾಯೋರು. ಬೇಸಿಗೆಗೆ ಒಂದ್ಸಲ ಬರ್ತಾರಂತೆ.”

ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಆಯಿತು. ಇನ್ನು ತೂಕ ಇಳಿಯದೆ ನಿಂತರೆ ಎಲ್ಲಿಗೆ ಬೇಕಾದರೂ ಹೋಗಿ ಬನ್ನಿ ಎಂದರು ಡಾಕ್ಟರು. ಇಳಿದರೆ ಏನು ಎಂದು ಇಬ್ಬರೂ ಕೇಳಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಜಾಕೆಟ್ಟು, ಬೂಟು, ಹೆಲ್ಮೆಟ್ಟು ಹಾಕಿಸಿ ಅವಳನ್ನು ತೂಗುತ್ತಿದ್ದ. ಸ್ಪ್ರಿಂಗಿಗೆ ಲೆಕ್ಕ ಬೇಕು ಎನ್ನುತ್ತಿದ್ದ. ಮೊದಮೊದಲು ಮುಳ್ಳು ಇಳಿಯಿತು. ಒಂದು ಭಾನುವಾರ ಅದನ್ನು ನೋಡಿದವನು ನಕ್ಷೆ ಮಡಚಿಟ್ಟ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಅವಳ ಕಾಯಿಲೆಗಿಂತ ಆ ಮಡಚಿದ ನಕ್ಷೆಯೇ ಅವಳನ್ನು ಹೆಚ್ಚು ನೋಯಿಸಿತು.

ಮರುದಿನವೇ ಅವಳು ಭದ್ರಾವತಿಗೆ ಹೋದಳು. ಅಲ್ಲಿ ಅವಳ ಅಣ್ಣನ ಲೇತ್ ವರ್ಕ್‌ಶಾಪ್ ಇತ್ತು. ಅತ್ತಿಗೆ ವಾಣಿ ನಟ್ಟಿನ ಡಬ್ಬಿ ತೆರೆದು ಕೊಟ್ಟಳು.

“ಇಷ್ಟೊಂದು ನಟ್ಟು ಯಾಕೆ? ಪೋಣಿಸಿ ಸರ ಮಾಡ್ಕೋತೀಯಾ?”

ಶರಾವತಿ ಕಾರಣ ಹೇಳಿದಳು. ವಾಣಿಯ ನಗು ಅಲ್ಲಿಗೇ ನಿಂತಿತು.

“ಅವರಿಗೆ ಮಾತ್ರ ಹೇಳ್ಬೇಡಿ ಅತ್ತಿಗೆ.”

ವಾಣಿ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಮುಂದಿನ ಭಾನುವಾರದಿಂದ ಮುಳ್ಳು ಇಳಿಯುವುದು ನಿಂತಿತು. ನಕ್ಷೆ ಮತ್ತೆ ಮೇಜಿನ ಮೇಲೆ ಬಂತು. ಮೈ ಸೊರಗಿದಂತೆ ಅವಳು ಅಂದಾಜಿನ ಮೇಲೆ ನಟ್ಟು ಹೆಚ್ಚಿಸುತ್ತಾ ಹೋದಳು. ಅಂದಾಜು ಒಮ್ಮೆಯೂ ತಪ್ಪಲಿಲ್ಲ. ದೇವರೇ ಕೈಹಿಡಿದ ಎಂದುಕೊಂಡಳು. ಸುಳ್ಳಿಗೂ ದೇವರು ಕೈಹಿಡಿಯುತ್ತಾನೆಯೇ ಎಂದು ಆಮೇಲೆ ಹೆದರಿದಳು.

ಲಕ್ಷ್ಮೀಕಾಂತ ಉತ್ಸಾಹದಲ್ಲಿದ್ದ. ಹೆಚ್ಚಿನ ಕ್ಲಚ್ ಕೇಬಲ್ಲು, ಟ್ಯೂಬು, ಪೆಟ್ರೋಲ್ ಕ್ಯಾನು ತಂದ. ಯಾವ ಊರಲ್ಲಿ ತಂಗುವುದು, ಎಲ್ಲಿ ಚಹಾ ಸಿಗುತ್ತದೆ, ಎಲ್ಲವನ್ನೂ ಅವಳ ಜೊತೆ ಕೂತು ಚರ್ಚಿಸಿದ. ಹೊರಡುವ ತಾರೀಕು ಮಾತ್ರ ಗೊತ್ತಾಗಿರಲಿಲ್ಲ. ಮಳೆ ನಿಲ್ಲಲಿ ಎಂದ. ಮಳೆ ನಿಂತ ಮೇಲೆ ಹಿಮ ಕರಗಲಿ ಎಂದ.

ಒಮ್ಮೆ ಬೆಲ್ಲದ ವ್ಯಾಪಾರಿ ಮೂರ್ತಪ್ಪ ಅವಳನ್ನು ತೂಗುವ ಆ ತಕ್ಕಡಿಗೆ ಕಣ್ಣು ಹಾಕಿದ. “ಇದನ್ನ ನಂಗೆ ಕೊಡಿ ಲಕ್ಷ್ಮೀಕಾಂತಣ್ಣ.”

“ಅದು ಕೊಡೋದಲ್ಲ.”

“ಏನು, ಅಕ್ಕಂಗೆ ತುಲಾಭಾರದ ಹರಕೆ ಇದೆಯಾ? ಬೆಲ್ಲ ನಾನು ಹಾಕ್ತೀನಿ ಬಿಡಿ!”

ಅವರಿಬ್ಬರೂ ನಕ್ಕರು. ಶರಾವತಿಯೂ ನಕ್ಕಳು. ಅಂದು ಬೆಳಿಗ್ಗೆ ಗಂಡನಿಗೆ ಹೇಳದೆ ಹೋಗಿ ಭದ್ರಾವತಿಯ ಆಸ್ಪತ್ರೆಯಲ್ಲಿ ನೋಡಿಸಿದಾಗ ಅವಳ ತೂಕ ನಲವತ್ತರ ಆಸುಪಾಸಿಗೆ ಇಳಿದಿತ್ತು.

ಈ ಭಾನುವಾರ ತೂಕ ನೋಡಿದ ಮೇಲೆ ಜಲ್ಲಿಯ ಅಭ್ಯಾಸಕ್ಕೆಂದು ಭದ್ರಾ ನಾಲೆಯ ಏರಿಯ ಮೇಲೆ ಹೋಗಿದ್ದರು. ಅರ್ಧ ದಾರಿಯಲ್ಲಿ ಅವಳಿಗೆ ಕಣ್ಣು ಕತ್ತಲಿಟ್ಟಿತು. ಹೆಲ್ಮೆಟ್ಟು ಅವನ ಬೆನ್ನಿಗೆ ತಾಗಿತು. ಅವನು ಕೂಡಲೇ ಬೈಕು ನಿಲ್ಲಿಸಿದ.

“ನಂಗೇ ಸುಸ್ತಾಯ್ತು ಮಾರಾಯ್ತಿ. ಸ್ವಲ್ಪ ಕೂರೋಣ.”

ನಾಲೆಯ ನೀರು ನೋಡುತ್ತಾ ಅವಳು ನಕ್ಷೆಯಲ್ಲಿ ಲೋಸರಿನಾಚೆ ಕಂಡಿದ್ದ ಕುಂಜುಮ್ ಕಣಿವೆದಾರಿಯನ್ನು ನೆನೆದಳು. ಅಲ್ಲಿ, ಯಾರೂ ಇಲ್ಲದ ಕಡೆ, ಅವನ ಬೆನ್ನಿಗೆ ಒರಗಿದ್ದಂತೆಯೇ ತಾನು ಹೋಗಿಬಿಟ್ಟರೆ? ತಾನೇ ಕರೆತಂದು ಕೊಂದೆ ಎಂದು ಅವನು ಬದುಕಿರುವಷ್ಟು ದಿನ ಕೊರಗುತ್ತಾನೆ. ಆಸೆ ಮುರಿದರೂ ಸರಿ, ಇಂದು ನಿಜ ಹೇಳಲೇಬೇಕು.

ಅಂಗಡಿಗೆ ಬಂದವಳೇ ಹೆಲ್ಮೆಟ್ಟು ತೆಗೆದಳು. ಬೂಟು ಬಿಚ್ಚಿದಳು. ಜಾಕೆಟ್ಟನ್ನು ಮೇಜಿನ ಮೇಲಿಟ್ಟಾಗ ಧಪ್ಪೆಂದು ಸದ್ದಾಯಿತು. ಒಳಜೇಬಿನ ಗಂಟು ಬಿಚ್ಚಿ ನಟ್ಟುಗಳನ್ನು ನಕ್ಷೆಯ ಮೇಲೆ ಸುರಿದಳು.

“ಇಷ್ಟು ದಿನ ನಿಮಗೆ ಸುಳ್ಳು ಹೇಳ್ದೆ ಕಣ್ರೀ,” ಎಂದಳು. “ಈಗ ನಿಜವಾದ ತೂಕ ನೋಡಿ.”

ಬರಿಗಾಲಲ್ಲಿ ತಕ್ಕಡಿ ಹತ್ತಿ ಕಣ್ಣು ಮುಚ್ಚಿಕೊಂಡಳು. ಅವನು ಬಗ್ಗಿ ನೋಡುವುದನ್ನು ಕಾದಳು. ಅವನು ಇದ್ದಲ್ಲಿಂದ ಕದಲಲಿಲ್ಲ.

“ಇಳಿ ಶರೂ,” ಎಂದ ಮೆಲ್ಲಗೆ. “ನೋಡ್ಬೇಡ. ಇಳಿ.”

ಅವಳು ಕಣ್ಣು ಬಿಟ್ಟಳು. ಮುಳ್ಳು ಐವತ್ತೆರಡರಲ್ಲೇ ನಿಂತಿತ್ತು.